ಕುಸುರಿ ಕೆಲಸಕ್ಕೆ ಎಂಥ ಕನ್ನಡಕ?

ಪೀನ ಮಸೂರದ ಸಂಗಮ ದೂರವನ್ನು ಕಂಡುಹಿಡಿಯುವ ಪ್ರಯೋಗವನ್ನು ಕಾಲೇಜಿನಲ್ಲಿ ಓದಿದವರೆಲ್ಲರೂ ಒಮ್ಮೆಯಾದರೂ ಮಾಡಿರುತ್ತಾರೆ. ಮಾಡಿ ಮರೆತಿರುತ್ತಾರೆ. ಕಳೆದ ಮಳೆಗಾಲದಲ್ಲಿ ನನ್ನ ತರಗತಿಯ ಹುಡುಗಿಯೊಬ್ಬಳು ಈ ಪ್ರಯೋಗವನ್ನು ಮುಗಿಸಿದ ಮೇಲೆ ತನ್ನ ಚೀಲದಿಂದ ಒಂದು ವಸ್ತುವನ್ನು ಹೊರತೆಗೆದು ಮೇಜಿನ ಮೇಲಿಟ್ಟಳು. ಹಣೆಗೆ ಪಟ್ಟಿ ಕಟ್ಟಿ ಕಣ್ಣಿನ ಮುಂದೆ ಇಳಿಬಿಟ್ಟುಕೊಳ್ಳುವ ಪ್ಲಾಸ್ಟಿಕ್ಕಿನ ಭೂತಗನ್ನಡಿ ಅದು. ಅದರ ಡಬ್ಬಿಯ ಮೇಲೆ ದಪ್ಪ ಅಕ್ಷರಗಳಲ್ಲಿ ‘೧೦ ಎಕ್ಸ್’ ಎಂದು ಮುದ್ರಿಸಿತ್ತು.

“ಸರ್, ಇದರ ಸಂಗಮ ದೂರವನ್ನೂ ಅಳೆಯಬಹುದೆ?” ಎಂದು ಕೇಳಿದಳು.

ಆಕೆಯ ಊರು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಕನ್ನಡಿ ಆಕೆಯ ದೊಡ್ಡಮ್ಮನದು. ದೊಡ್ಡಮ್ಮನಿಗೆ ವಯಸ್ಸು ೫೨. ಚಿಕ್ಕಂದಿನಿಂದಲೂ ಹಸೆ ಚಿತ್ತಾರವನ್ನು ಬರೆದ ಕೈ. ಎರಡು ವರ್ಷಗಳಿಂದ ಎಳೆಗಳು ಒಂದರೊಳಗೊಂದು ಕಲಸಿಕೊಂಡಂತೆ ಕಾಣತೊಡಗಿದ್ದುವು. ಮನೆಯವರು ಪೇಟೆಯಲ್ಲಿ ವಿಚಾರಿಸಿ, ಇದ್ದುದರಲ್ಲಿ ಅತ್ಯಂತ ದೊಡ್ಡ ಸಂಖ್ಯೆಯ ಕನ್ನಡಿಯನ್ನೇ ಕೊಂಡು ತಂದಿದ್ದರು. ಅದನ್ನು ಕಟ್ಟಿಕೊಂಡು ಕುಳಿತರೆ ಕಾಲು ಗಂಟೆಯಲ್ಲಿ ತಲೆ ಸುತ್ತು. ಕೊನೆಗೆ ಕುಂಚವನ್ನೇ ಎತ್ತಿಟ್ಟುಬಿಟ್ಟಿದ್ದರು.

ಮುಂದೊಂದು ಭಾನುವಾರ ನಾನು ಆ ಮನೆಗೆ ಹೋಗಿದ್ದಾಗ ಆಕೆ ತಮ್ಮ ತೊಂದರೆಯನ್ನು ಒಂದೇ ಮಾತಿನಲ್ಲಿ ಹೇಳಿದರು: “ಕಾಣೋದೇನೋ ದೊಡ್ಡದಾಗೇ ಕಾಣ್ತದೆ ಮೇಷ್ಟ್ರೆ. ಆದ್ರೆ ಕೈ ಆಡ್ಸಕೆ ಜಾಗ ಎಲ್ಲೈತೆ?”

ದೃಗ್ವಿಜ್ಞಾನದ ಒಂದು ಮುಖ್ಯ ತತ್ತ್ವವೇ ಈ ಪ್ರಶ್ನೆಯಲ್ಲಿ ಅಡಗಿದೆ. ಕುಸುರಿ ಕೆಲಸಕ್ಕೆ ಕನ್ನಡಿಯನ್ನು ಆರಿಸುವವರು ‘ಎಷ್ಟು ದೊಡ್ಡದು ಮಾಡುತ್ತದೆ’ ಎಂದು ಮೊದಲು ಕೇಳುತ್ತಾರೆ. ಅವರು ಮೊದಲು ಕೇಳಬೇಕಾದುದು ‘ನನ್ನ ಕೈ ಎಷ್ಟು ದೂರದಲ್ಲಿದೆ’ ಎಂಬುದನ್ನು. ಅದು ಏಕೆಂಬುದನ್ನು ಈ ಲೇಖನದಲ್ಲಿ ನೋಡೋಣ.

ಎಳೆಯ ಸೂಕ್ಷ್ಮತೆ

ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯನ್ನು ಬಲ್ಲವರಿಗೆ ಹಸೆ ಚಿತ್ತಾರವನ್ನು ಪರಿಚಯಿಸಬೇಕಾದುದಿಲ್ಲ. ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ನೆನೆಸಿ ಅರೆದ ಅಕ್ಕಿಯ ಬಿಳುಪಿನಿಂದ, ಪುಂಡಿನಾರಿನ ಕುಂಚವನ್ನು ಹಿಡಿದು ಬರೆಯುವ ರೇಖಾಚಿತ್ರಗಳಿವು. ಕಪ್ಪಿಗೆ ಹುರಿದು ಕರಿದಾಗಿಸಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಮದುವೆಯ ಮನೆಯಲ್ಲಿ ಹಸೆಗೋಡೆಯ ಮೇಲೆ ದೊಡ್ಡದಾಗಿ ಬರೆಯುವ ಈ ಚಿತ್ತಾರವನ್ನು ಭೂಮಿ ಹುಣ್ಣಿಮೆಯ ಕಾಲಕ್ಕೆ ಬುಟ್ಟಿಯ ಮೈಮೇಲೂ ಬರೆಯುತ್ತಾರೆ. ಅದಕ್ಕೆ ಭೂಮಣ್ಣಿ ಬುಟ್ಟಿಯೆಂದು ಹೆಸರು. ಈಚಿನ ವರ್ಷಗಳಲ್ಲಿ ಕಾಗದ ಮತ್ತು ಬಟ್ಟೆಗಳ ಮೇಲೆ ಬರೆದು ಮಾರುವ ಪದ್ಧತಿಯೂ ಬಂದಿದೆ. ಗೋಡೆಯಿಂದ ಬುಟ್ಟಿಗೆ, ಬುಟ್ಟಿಯಿಂದ ಅಂಗೈಯಗಲದ ಕಾಗದಕ್ಕೆ ಬಂದಂತೆಲ್ಲ ಎಳೆ ಸಣ್ಣದಾಗುತ್ತದೆ, ಕಣ್ಣಿನ ಶ್ರಮ ಹೆಚ್ಚುತ್ತದೆ.

ಎಷ್ಟು ಸಣ್ಣ ಎಳೆಯನ್ನು ಬರಿಗಣ್ಣು ಗುರುತಿಸಬಲ್ಲುದು? ಆರೋಗ್ಯವಂತವಾದ ಕಣ್ಣು ಸುಮಾರು ಒಂದು ಮಿನಿಟು ಕೋನದಷ್ಟು, ಎಂದರೆ ಒಂದು ಡಿಗ್ರಿಯ ೬೦ರಲ್ಲಿ ಒಂದು ಪಾಲಿನಷ್ಟು, ಅಂತರವಿರುವ ಎರಡು ಗೆರೆಗಳನ್ನು ಬೇರೆಬೇರೆಯಾಗಿ ಕಾಣಬಲ್ಲುದು. ೨೫ ಸೆಂ.ಮೀ. ದೂರದಲ್ಲಿ ಈ ಕೋನಕ್ಕೆ ಸಮನಾದ ಅಂತರ ೦.೦೭ ಮಿ.ಮೀ.; ತಲೆಗೂದಲಿನ ದಪ್ಪವೂ ಹೆಚ್ಚುಕಡಮೆ ಇಷ್ಟೇ. ೫೦ ಸೆಂ.ಮೀ. ದೂರಕ್ಕೆ ಹೋದರೆ ಅಂತರ ೦.೧೪ ಮಿ.ಮೀ. ಆಗುತ್ತದೆ. ದೂರ ಎರಡರಷ್ಟಾದರೆ ಕಾಣಬಹುದಾದ ಸೂಕ್ಷ್ಮತೆ ಅರ್ಧಕ್ಕಿಳಿಯುತ್ತದೆ.

ಹಾಗಾದರೆ ಸೂಕ್ಷ್ಮವಾಗಿ ಕಾಣಲು ಹತ್ತಿರ ಹೋದರೆ ಸಾಕಷ್ಟೆ? ಹೌದು. ಎಳೆಯ ಮಕ್ಕಳು ಮಾಡುವುದೂ ಇದನ್ನೇ. ಆದರೆ ಹತ್ತಿರ ಹೋಗುವ ಹಕ್ಕನ್ನು ಕಾಲವು ನಮ್ಮಿಂದ ಮೆಲ್ಲಮೆಲ್ಲನೆ ಕಿತ್ತುಕೊಳ್ಳುತ್ತದೆ.

ಚಾಳೀಸಿನ ಲೆಕ್ಕ

ಕಣ್ಣಿನೊಳಗೆ ಒಂದು ಮಸೂರವಿದೆ. ಮಸೂರವೆಂದರೆ ಚನ್ನಂಗಿ ಬೇಳೆ. ಎರಡು ಕಡೆಯೂ ಉಬ್ಬಿದ ಆ ಬೇಳೆಯ ಆಕಾರದಿಂದಲೇ ನಮ್ಮಲ್ಲಿಯೂ, ಲ್ಯಾಟಿನ್ ಭಾಷೆಯಲ್ಲಿಯೂ ಗಾಜಿನ ಮಸೂರಕ್ಕೆ ಹೆಸರು ಬಂದಿರುವುದು. ಹತ್ತಿರದ ವಸ್ತುವನ್ನು ನೋಡುವಾಗ ಸುತ್ತಲಿನ ಸ್ನಾಯು ಸಂಕೋಚಗೊಂಡು, ಮಸೂರ ಇನ್ನಷ್ಟು ಉಬ್ಬಿ, ಬಿಂಬವನ್ನು ಅಕ್ಷಿಪಟದ ಮೇಲೆ ಸ್ಫುಟವಾಗಿ ಬೀಳಿಸುತ್ತದೆ. ಇದಕ್ಕೆ ಹೊಂದಾಣಿಕೆ ಎಂದು ಹೆಸರು. ವಯಸ್ಸಾದಂತೆ ಮಸೂರ ಗಡುಸಾಗಿ ಉಬ್ಬುವ ಗುಣವನ್ನು ಕಳೆದುಕೊಳ್ಳುತ್ತದೆ. ೪೦ ವರ್ಷ ದಾಟಿದವರಲ್ಲಿ ಇದು ಅನುಭವಕ್ಕೆ ಬರುವುದರಿಂದ ನಮ್ಮ ಜನ ಇದನ್ನು ‘ಚಾಳೀಸು’ ಎಂದು ಕರೆದರು. ಹಾಲೆಂಡಿನ ನೇತ್ರವಿಜ್ಞಾನಿ ಡಾಂಡರ್ಸ್ ಎಂಬಾತ ೧೮೬೪ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಗ್ರಂಥದಲ್ಲಿ ಈ ಹೊಂದಾಣಿಕೆಯ ವಿಷಯವನ್ನು ಶಾಸ್ತ್ರೀಯವಾಗಿ ವಿವರಿಸಿದನು.

ಮಸೂರದ ಶಕ್ತಿಯನ್ನು ಡಯಾಪ್ಟರುಗಳಲ್ಲಿ ಅಳೆಯುತ್ತಾರೆ. ೧೦೦ನ್ನು ಸೆಂಟಿಮೀಟರುಗಳಲ್ಲಿರುವ ಸಂಗಮ ದೂರದಿಂದ ಭಾಗಿಸಿದರೆ ಡಯಾಪ್ಟರ್ ದೊರೆಯುತ್ತದೆ. ಸಂಗಮ ದೂರ ೫೦ ಸೆಂ.ಮೀ. ಆದರೆ ೨ ಡಯಾಪ್ಟರ್, ೨೫ ಸೆಂ.ಮೀ. ಆದರೆ ೪, ೧೦ ಸೆಂ.ಮೀ. ಆದರೆ ೧೦. ಕಣ್ಣಿನ ವೈದ್ಯರು ‘ನಂಬರು’ ಎಂದು ಬರೆದುಕೊಡುವುದು ಇದನ್ನೇ.

ಸರಾಸರಿ ಮನುಷ್ಯನ ಹೊಂದಾಣಿಕೆಯ ಶಕ್ತಿಯನ್ನು ಅಂದಾಜು ಮಾಡಲು ಹಾಫ್‌ಸ್ಟೆಟರ್ ಎಂಬಾತ ಕೊಟ್ಟ ಸುಲಭವಾದ ಸೂತ್ರವೊಂದಿದೆ: ವಯಸ್ಸಿನ ೦.೩ರಷ್ಟನ್ನು ೧೮.೫ರಿಂದ ಕಳೆಯತಕ್ಕದ್ದು. ೨೦ ವರ್ಷದವರಿಗೆ ೧೨.೫ ಡಯಾಪ್ಟರ್, ಅವರು ೮ ಸೆಂ.ಮೀ. ದೂರದ ವಸ್ತುವನ್ನೂ ಸ್ಫುಟವಾಗಿ ಕಾಣಬಲ್ಲರು. ೪೦ಕ್ಕೆ ೬.೫ ಡಯಾಪ್ಟರ್, ಸಮೀಪ ಬಿಂದು ೧೫ ಸೆಂ.ಮೀ.ಗೆ ಸರಿಯುತ್ತದೆ. ೫೨ಕ್ಕೆ ಉಳಿಯುವುದು ೨.೯ ಡಯಾಪ್ಟರ್, ೩೪ ಸೆಂ.ಮೀ.ಗಿಂತ ಹತ್ತಿರವಿರುವುದೆಲ್ಲ ಮಸುಕು. ಅಲ್ಲದೆ ಇದು ಇಡೀ ಶಕ್ತಿಯನ್ನು ಪ್ರಯೋಗಿಸಿದಾಗಿನ ಮಾತು. ಹೊರುವ ಶಕ್ತಿಯಿದ್ದಷ್ಟು ಭಾರವನ್ನು ದಿನವಿಡೀ ಹೊರಲು ಆಗದಂತೆ, ಹೊಂದಾಣಿಕೆಯ ಅರ್ಧದಷ್ಟನ್ನು ಮಾತ್ರ ಆಯಾಸವಿಲ್ಲದೆ ಬಹಳ ಹೊತ್ತು ಬಳಸಬಹುದು.

ನಮ್ಮ ಚಿತ್ತಾರಗಾರ್ತಿಯ ಕಷ್ಟದ ಮೂಲ ಈಗ ಸ್ಪಷ್ಟವಾಗುತ್ತದೆ. ಆಕೆಯ ಕೈ ಪಳಗಿತ್ತು, ರೇಖೆ ಖಚಿತವಾಗಿತ್ತು. ಐವತ್ತು ವರ್ಷಕ್ಕೆ ಕೈ ತನ್ನ ಉತ್ತುಂಗದಲ್ಲಿದ್ದಾಗಲೇ ಕಣ್ಣು ಹಿಂದೆ ಬೀಳುವುದು ಕುಶಲಕರ್ಮಿಗಳ ಬಾಳಿನ ದೊಡ್ಡ ವಿಪರ್ಯಾಸ.

ಡಬ್ಬಿಯ ಮೇಲಿನ ಸಂಖ್ಯೆ

ಪ್ರಯೋಗಶಾಲೆಯಲ್ಲಿ ನಾವು ಆ ಕನ್ನಡಿಯನ್ನು ಕಿಟಕಿಗೆ ಎದುರಾಗಿ ಹಿಡಿದು, ಅಂಗಳದಾಚೆಯ ಅಡಕೆ ಮರಗಳ ಬಿಂಬವನ್ನು ಬಿಳಿಯ ರಟ್ಟಿನ ಮೇಲೆ ಬೀಳಿಸಿದೆವು. ಬಿಂಬ ಸ್ಫುಟವಾದದ್ದು ೧೦ ಸೆಂ.ಮೀ.ಗೆ. ಎಂದರೆ ಮಸೂರದ ಶಕ್ತಿ ೧೦ ಡಯಾಪ್ಟರ್. ಡಬ್ಬಿಯ ಮೇಲಿನ ‘೧೦’ ಬಹುಶಃ ಈ ಡಯಾಪ್ಟರುಗಳ ಸಂಖ್ಯೆಯೇ ಆಗಿದ್ದಿರಬೇಕು. ಕೊಳ್ಳುವವನಾದರೋ ಅದನ್ನು ಹತ್ತರಷ್ಟು ವರ್ಧನವೆಂದು ಓದುತ್ತಾನೆ.

ನಿಜವಾದ ವರ್ಧನವೆಷ್ಟು? ಪಠ್ಯಪುಸ್ತಕಗಳಲ್ಲಿ ಎರಡು ಸೂತ್ರಗಳಿವೆ. ಕಣ್ಣು ವಿಶ್ರಾಂತ ಸ್ಥಿತಿಯಲ್ಲಿದ್ದರೆ ಡಯಾಪ್ಟರನ್ನು ೪ರಿಂದ ಭಾಗಿಸಬೇಕು: ೧೦ ಡಯಾಪ್ಟರಿಗೆ ೨.೫. ಕಣ್ಣು ಶ್ರಮಪಟ್ಟು ಬಿಂಬವನ್ನು ೨೫ ಸೆಂ.ಮೀ.ಯಲ್ಲಿ ಕಂಡರೆ ಅದಕ್ಕೆ ೧ನ್ನು ಕೂಡಿಸಬೇಕು: ೩.೫. ಹಣೆಪಟ್ಟಿಯ ಕನ್ನಡಿಗಳನ್ನು ಮಾರುವವರು ಸಾಮಾನ್ಯವಾಗಿ ಎರಡನೆಯ, ದೊಡ್ಡದಾಗಿ ಕಾಣುವ ಸಂಖ್ಯೆಯನ್ನೇ ಮುದ್ರಿಸುತ್ತಾರೆ. ಜತೆಯಲ್ಲಿ ‘ಕೆಲಸದ ದೂರ’ ಎಂದು ಸಂಗಮ ದೂರವನ್ನು ಕೊಡುತ್ತಾರೆ. ಉದಾಹರಣೆಗೆ, ‘ವರ್ಧನ ೨, ದೂರ ೨೫ ಸೆಂ.ಮೀ.’ ಎಂದಿದ್ದರೆ ಅದು ೪ ಡಯಾಪ್ಟರಿನ ಮಸೂರ.

ಈ ಎರಡು ಸಂಖ್ಯೆಗಳೂ ಒಂದೇ ಕಾಲಕ್ಕೆ ನಿಜವಾಗಲಾರವೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು. ೪ ಡಯಾಪ್ಟರಿನ ಮಸೂರದಿಂದ ೨ರಷ್ಟು ವರ್ಧನ ದೊರೆಯಬೇಕಾದರೆ ವಸ್ತು ೨೫ ಸೆಂ.ಮೀ.ಯಲ್ಲಲ್ಲ, ೧೨.೫ ಸೆಂ.ಮೀ.ಯಲ್ಲಿರಬೇಕು. ಜತೆಗೆ ಕಣ್ಣು ೪ ಡಯಾಪ್ಟರಿನಷ್ಟು ಹೊಂದಾಣಿಕೆಯನ್ನು ಮಾಡಬೇಕು. ವಸ್ತುವನ್ನು ೨೫ ಸೆಂ.ಮೀ.ಯಲ್ಲಿಟ್ಟು ಕಣ್ಣನ್ನು ಆರಾಮವಾಗಿ ಬಿಟ್ಟರೆ ವರ್ಧನ ಕೇವಲ ೧! ಎಳೆಯ ಕಣ್ಣು ಮಸೂರವಿಲ್ಲದೆ ಅದೇ ದೂರದಲ್ಲಿ ಎಷ್ಟು ದೊಡ್ಡದಾಗಿ ಕಾಣುತ್ತದೆಯೋ ಅಷ್ಟೇ.

ಇದರಿಂದ ಒಂದು ವಿಚಿತ್ರವಾದ ಸತ್ಯ ಹೊರಬೀಳುತ್ತದೆ. ಕಣ್ಣಿಗೆ ಒತ್ತಿ ಹಿಡಿದ ಮಸೂರವು ವಸ್ತುವನ್ನು ದೊಡ್ಡದು ಮಾಡುವುದಿಲ್ಲ. ವಸ್ತುವಿನ ಹತ್ತಿರ ಹೋಗಲು ಕಣ್ಣಿಗೆ ಅನುಮತಿ ಕೊಡುತ್ತದೆ. ದೊಡ್ಡದಾಗಿ ಕಾಣುವುದು ಹತ್ತಿರ ಹೋದುದರ ಫಲ. ಹಣೆಪಟ್ಟಿಯ ಮಸೂರ ಕಣ್ಣಿನಿಂದ ಕೆಲವು ಸೆಂಟಿಮೀಟರ್ ಮುಂದಿರುವುದರಿಂದ ಲೆಕ್ಕ ಸ್ವಲ್ಪ ಬದಲಾದೀತು. ತತ್ತ್ವ ಬದಲಾಗದು. ನನಗೆ ಸಮೀಪದೃಷ್ಟಿಯಿದೆ, ದೂರಕ್ಕೆ ೪ ಡಯಾಪ್ಟರಿನ ನಿಮ್ನ ಮಸೂರ ಬೇಕು. ಕನ್ನಡಕವನ್ನು ತೆಗೆದಿಟ್ಟರೆ ೨೫ ಸೆಂ.ಮೀ. ದೂರದ ಅಕ್ಷರ ಯಾವ ಶ್ರಮವೂ ಇಲ್ಲದೆ ನನಗೆ ಸ್ಫುಟವಾಗಿ ಕಾಣುತ್ತದೆ. ಇತರರು ಹಣ ಕೊಟ್ಟು ಕೊಳ್ಳುವ ೪ ಡಯಾಪ್ಟರಿನ ಕನ್ನಡಿಯನ್ನು ಪ್ರಕೃತಿ ನನಗೆ ಹುಟ್ಟಿನೊಡನೆಯೇ ಕೊಟ್ಟಂತಾಗಿದೆ.

ಮಸೂರವೆಂಬ ಬೇಲಿ

ಹತ್ತಿರ ಹೋಗಲು ಅನುಮತಿ ಕೊಡುವ ಮಸೂರ ದೂರ ಹೋಗಲು ಅನುಮತಿ ಕೊಡುವುದಿಲ್ಲ. ದೂರದೃಷ್ಟಿ ಸರಿಯಾಗಿರುವವರು ಪೀನ ಮಸೂರವನ್ನು ಧರಿಸಿದಾಗ ಅದರ ಸಂಗಮ ದೂರದಾಚೆಗಿನದೆಲ್ಲ ಮಸುಕಾಗುತ್ತದೆ. ಆದುದರಿಂದ ಪ್ರತಿ ಮಸೂರವೂ ಕಣ್ಣಿನ ಮುಂದೆ ಹಾಕಿದ ಒಂದು ಬೇಲಿ. ೨ ಡಯಾಪ್ಟರಿನ ಬೇಲಿ ೫೦ ಸೆಂ.ಮೀ.ಯಲ್ಲಿ, ೪ರದು ೨೫ರಲ್ಲಿ, ೧೦ರದು ೧೦ ಸೆಂ.ಮೀ.ಯಲ್ಲಿ.

ದೊಡ್ಡಮ್ಮನ ಮನೆಯಲ್ಲಿ ನಾವು ಮೊದಲು ಮಾಡಿದ ಕೆಲಸ ಒಂದು ಟೇಪನ್ನು ಹಿಡಿದು ಅಳೆದುದು. ಬುಟ್ಟಿಯನ್ನು ಮಡಿಲಲ್ಲಿಟ್ಟು ಬರೆಯುವಾಗ ಕಣ್ಣಿನಿಂದ ಕುಂಚದ ತುದಿಗೆ ೩೫ ಸೆಂ.ಮೀ.; ಗೋಡೆಗೆ ಬರೆಯುವಾಗ ೫೫ ಸೆಂ.ಮೀ. ಹೊಂದಾಣಿಕೆ ೨.೯ ಡಯಾಪ್ಟರ್ ಎಂದಿಟ್ಟುಕೊಂಡು ಮೂರು ಮಸೂರಗಳನ್ನು ಹೋಲಿಸಿ ನೋಡೋಣ.

೧.೫ ಡಯಾಪ್ಟರಿನ ಸಾಧಾರಣ ಕನ್ನಡಕವನ್ನು ಹಾಕಿದರೆ ೨೩ರಿಂದ ೬೭ ಸೆಂ.ಮೀ.ವರೆಗೆ ಎಲ್ಲವೂ ಸ್ಫುಟ. ಬುಟ್ಟಿಯೂ ಗೋಡೆಯೂ ಈ ಎಲ್ಲೆಯೊಳಗೆ ಬರುತ್ತವೆ.

೨.೫ ಡಯಾಪ್ಟರ್ ಆದರೆ ೧೮ರಿಂದ ೪೦ ಸೆಂ.ಮೀ. ಬುಟ್ಟಿ ಕಾಣುತ್ತದೆ, ಗೋಡೆ ಬೇಲಿಯಾಚೆ ಉಳಿಯುತ್ತದೆ.

ಆ ಹಣೆಪಟ್ಟಿಯ ೧೦ ಡಯಾಪ್ಟರ್ ಆದರೆ ೮ರಿಂದ ೧೦ ಸೆಂ.ಮೀ. ಮಾತ್ರ. ಮೂಗಿಗೂ ಬುಟ್ಟಿಗೂ ನಡುವೆ ಗೇಣುದ್ದದ ಅರ್ಧದಷ್ಟೂ ಸ್ಥಳವಿಲ್ಲ. ಕುಂಚವನ್ನು ಹಿಡಿದ ಕೈ ಎಲ್ಲಿ ತೂರಬೇಕು? ಬಾಗಿದ ಬುಟ್ಟಿಯ ಮೈ ಎರಡು ಸೆಂಟಿಮೀಟರಿನಷ್ಟು ಹಿಂದಕ್ಕೆ ಸರಿದರೂ ಗೆರೆ ಮಾಯವಾಗುತ್ತದೆ.

ಇನ್ನೊಂದು ತೊಡಕೂ ಉಂಟು. ಎರಡು ಕಣ್ಣುಗಳ ನಡುವಿನ ಅಂತರ ಸುಮಾರು ೬೨ ಮಿ.ಮೀ. ೨೫ ಸೆಂ.ಮೀ. ದೂರದ ಬಿಂದುವನ್ನು ನೋಡುವಾಗ ಕಣ್ಣುಗಳ ದೃಷ್ಟಿರೇಖೆಗಳು ಪರಸ್ಪರ ೧೪ ಡಿಗ್ರಿ ಬಾಗಬೇಕು. ೧೦ ಸೆಂ.ಮೀ.ಗೆ ಬಂದರೆ ೩೪ ಡಿಗ್ರಿ. ಒಳಮುಖವಾಗಿ ಇಷ್ಟು ತಿರುಗಿಸಿ ಗಂಟೆಗಟ್ಟಲೆ ಹಿಡಿದಿಡುವುದು ಕಣ್ಣಿನ ಸ್ನಾಯುಗಳಿಗೆ ಶಿಕ್ಷೆಯೇ ಸರಿ. ಒಳ್ಳೆಯ ಕನ್ನಡಿಗಳಲ್ಲಿ ಮಸೂರಗಳ ಕೇಂದ್ರಗಳನ್ನು ಮೂಗಿನ ಕಡೆಗೆ ಸರಿಸಿರುತ್ತಾರೆ, ಇಲ್ಲವೆ ಅಶ್ರಗವನ್ನು ಬೆರೆಸಿರುತ್ತಾರೆ. ಅಗ್ಗದ ಕನ್ನಡಿಗಳಲ್ಲಿ ಈ ಏರ್ಪಾಡು ಇಲ್ಲದಿರುವುದೇ ಹೆಚ್ಚು. ಆಕೆಗೆ ತಲೆ ಸುತ್ತಿದ್ದರಲ್ಲಿ ಆಶ್ಚರ್ಯವಿಲ್ಲ.

ಮುಂದಿನ ವಾರ ಅವರನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದರು. ಇದು ಯಾರೂ ಬಿಡಬಾರದ ಹೆಜ್ಜೆ. ಮಸುಕಾಗಿ ಕಾಣುವುದಕ್ಕೆಲ್ಲ ಚಾಳೀಸೇ ಕಾರಣವಲ್ಲ. ಪೊರೆ ಬಂದಿರಬಹುದು, ಕಣ್ಣಿನೊಳಗಿನ ಒತ್ತಡ ಹೆಚ್ಚಿರಬಹುದು, ಸಕ್ಕರೆ ಕಾಯಿಲೆಯಿಂದ ಅಕ್ಷಿಪಟ ಕೆಟ್ಟಿರಬಹುದು. ಇಂಥ ದೋಷಗಳನ್ನು ಭೂತಗನ್ನಡಿ ಸರಿಪಡಿಸಲಾರದು. ಅದೃಷ್ಟವಶಾತ್ ಇವರಲ್ಲಿ ಅಂಥ ರೋಗವೇನೂ ಇರಲಿಲ್ಲ. ಒಂದು ಕಣ್ಣಿನ ನಂಬರು ಇನ್ನೊಂದಕ್ಕಿಂತ ಅರ್ಧ ಡಯಾಪ್ಟರ್ ಹೆಚ್ಚಿತ್ತು, ಅಷ್ಟೆ. ಅಂಗಡಿಯ ಸಿದ್ಧ ಕನ್ನಡಿಗಳಲ್ಲಿ ಎರಡು ಕಡೆಯ ನಂಬರೂ ಒಂದೇ ಆಗಿರುವುದರಿಂದ ಈ ವ್ಯತ್ಯಾಸವನ್ನು ಅವು ಸರಿದೂಗಿಸಲಾರವು. ಹುಡುಗಿ ಅಳೆದ ೩೫ ಮತ್ತು ೫೫ ಎಂಬ ಎರಡು ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಕೊಟ್ಟಿದ್ದಳು. ವೈದ್ಯರು ಅದನ್ನು ನೋಡಿಯೇ ನಂಬರನ್ನು ನಿಶ್ಚಯಿಸಿದರು.

ಗುಡಿಗಾರನ ಬೆಂಚು

ಹಾಗಾದರೆ ಭೂತಗನ್ನಡಿ ಯಾರಿಗೂ ಬೇಡವೆ? ಬೇಕು. ಅದು ಯಾರಿಗೆ ಬೇಕೆಂಬುದನ್ನು ತಿಳಿಯಲು ಹೊಸನಗರದಿಂದ ಸಾಗರಕ್ಕೆ ಬರಬೇಕು. ಸಾಗರ ಸೊರಬಗಳ ಗುಡಿಗಾರರ ಗಂಧದ ಕೆತ್ತನೆ ನಾಡಿನಲ್ಲೆಲ್ಲ ಹೆಸರಾದುದು. ಗಂಧದ ಮರದ ಕಣ ಬಹಳ ನಯ, ಬಹಳ ಬಿಗಿ; ಬೆರಳುದ್ದದ ವಿಗ್ರಹದ ಕಿರೀಟದಲ್ಲಿಯೂ ಎಲೆಬಳ್ಳಿಗಳನ್ನು ಬಿಡಿಸಲು ಅದು ಅವಕಾಶ ಕೊಡುತ್ತದೆ. ಇಲ್ಲಿ ಕೆಲಸದ ದೂರ ೨೦ರಿಂದ ೨೫ ಸೆಂ.ಮೀ. ಎಳೆಯರಿಗೆ ಬರಿಗಣ್ಣೇ ಸಾಕು. ಅರವತ್ತರ ಹತ್ತಿರದವರಿಗೆ ೪ ಅಥವಾ ೫ ಡಯಾಪ್ಟರಿನ ಮಸೂರ ಅವಶ್ಯ.

ಕೆತ್ತನೆಯಲ್ಲಿ ಉದ್ದ ಅಗಲಗಳಂತೆಯೇ ಆಳವೂ ಮುಖ್ಯ. ಉಳಿ ಎಷ್ಟು ಆಳಕ್ಕೆ ಇಳಿಯಿತೆಂಬುದನ್ನು ನಾವು ಅರಿಯುವುದು ಎರಡು ಕಣ್ಣುಗಳೂ ಸ್ವಲ್ಪ ಬೇರೆಬೇರೆ ಕೋನದಿಂದ ನೋಡುವುದರಿಂದ. ಆದುದರಿಂದ ಒಂದೇ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಗಡಿಯಾರ ರಿಪೇರಿಯವರ ಕನ್ನಡಿ ಕೆತ್ತನೆಗೆ ಒಗ್ಗದು. ಗಡಿಯಾರದ ಸಣ್ಣ ತಿರುಪನ್ನು ನೋಡುವವನಿಗೆ ಅದು ಸರಿ. ಅವನು ಕ್ಷಣಕಾಲ ನೋಡಿ ತೆಗೆಯುತ್ತಾನೆ. ಎರಡು ಕಣ್ಣಿಗೂ ಮಸೂರವಿರುವ ಹಣೆಪಟ್ಟಿಯೇ ಶಿಲ್ಪಿಗೆ ತಕ್ಕುದು. ಬೇಕಾದಾಗ ಕೆಳಗಿಳಿಸಿ, ಬೇಡವಾದಾಗ ಮೇಲೆತ್ತಬಹುದು. ದೂರದ ಕನ್ನಡಕವಿದ್ದವರು ಅದರ ಮೇಲೆಯೇ ಧರಿಸಬಹುದು.

ಇಲ್ಲಿಯೂ ಶಕ್ತಿ ಮಿತಿಮೀರಬಾರದು. ಅರವತ್ತು ದಾಟಿದ ಕಣ್ಣಿನಲ್ಲಿ ಹೊಂದಾಣಿಕೆ ಬಹುಮಟ್ಟಿಗೆ ಮುಗಿದಿರುತ್ತದೆ. ಕಾಲು ಡಯಾಪ್ಟರಿನಷ್ಟು ಮಸುಕನ್ನು ಕಣ್ಣು ಸಹಿಸಬಹುದೆಂದು ಹಿಡಿದರೆ, ೪ ಡಯಾಪ್ಟರಿನ ಮಸೂರದಲ್ಲಿ ೨೩.೫ರಿಂದ ೨೬.೭ ಸೆಂ.ಮೀ.ವರೆಗೆ, ಎಂದರೆ ೩ ಸೆಂ.ಮೀ. ಆಳದವರೆಗೆ ವಿಗ್ರಹ ಸ್ಫುಟವಾಗಿರುತ್ತದೆ. ೧೦ ಡಯಾಪ್ಟರಿನಲ್ಲಿ ಈ ಆಳ ಕೇವಲ ಅರ್ಧ ಸೆಂ.ಮೀ. ವಿಗ್ರಹದ ಮೂಗು ಕಂಡರೆ ಕಿವಿ ಕಾಣದು!

ಅಂಗೈಯಗಲದ ಕಾಗದದ ಮೇಲೆ ಚಿತ್ತಾರವನ್ನೋ, ಮೈಸೂರಿನ ಗಂಜೀಫಾ ಎಲೆಗಳಂಥ ಸಣ್ಣ ಚಿತ್ರಗಳನ್ನೋ ಬರೆಯುವವರಿಗೂ ಇದೇ ೪-೫ ಡಯಾಪ್ಟರ್ ಸಾಕು. ಚಿತ್ರ ಚಪ್ಪಟೆಯಾಗಿರುವುದರಿಂದ ಆಳದ ತೊಂದರೆ ಕಡಮೆ. ಆದರೆ ಬಣ್ಣದ ಚಿತ್ರಕಾರರು ಅಗ್ಗದ ಮಸೂರದ ಇನ್ನೊಂದು ದೋಷವನ್ನು ಗಮನಿಸಬೇಕು. ಮಸೂರದ ಅಂಚಿನ ಮೂಲಕ ನೋಡಿದಾಗ ಬಿಳಿಯ ಗೆರೆಯ ಪಕ್ಕದಲ್ಲಿ ಕೆಂಪು ನೀಲಿಗಳ ಅಂಚು ಕಾಣುತ್ತದೆ. ಬೇರೆಬೇರೆ ಬಣ್ಣದ ಬೆಳಕು ಬೇರೆಬೇರೆಯಾಗಿ ಬಾಗುವುದೇ ಇದಕ್ಕೆ ಕಾರಣ. ಕೊಳ್ಳುವ ಮುನ್ನ ಚೌಕಳಿ ಕಾಗದವನ್ನು ಮಸೂರದಿಂದ ನೋಡಬೇಕು. ಅಂಚಿನ ಗೆರೆಗಳು ಬಾಗದೆ, ಬಣ್ಣಗಟ್ಟದೆ ಇದ್ದರೆ ಮಸೂರ ಒಳ್ಳೆಯದು.

ದೂರವನ್ನು ಬಿಡದೆ ದೊಡ್ಡದು ಮಾಡುವುದು

ದೂರವನ್ನೂ ಬಿಟ್ಟುಕೊಡದೆ ವರ್ಧನವನ್ನೂ ಪಡೆಯುವ ಉಪಾಯವೇ ಇಲ್ಲವೆ ಎಂದು ಚುರುಕಾದ ಓದುಗರು ಕೇಳಿಯಾರು. ಉಂಟು. ತೀರ್ಥಹಳ್ಳಿಯಲ್ಲಿ ಹಲ್ಲು ತೋರಿಸಲು ಹೋಗಿದ್ದಾಗ ದಂತವೈದ್ಯರ ಕನ್ನಡಕದ ಮುಂದೆ ಎರಡು ಪುಟ್ಟ ನಳಿಗೆಗಳು ಚಾಚಿಕೊಂಡಿದ್ದುದನ್ನು ನಾನು ಕಂಡೆ. ಒಂದೊಂದು ನಳಿಗೆಯೂ ಒಂದು ಕಿರಿಯ ದೂರದರ್ಶಕ. ಮುಂದೆ ಪೀನ ಮಸೂರ, ಕಣ್ಣಿನ ಬಳಿ ನಿಮ್ನ ಮಸೂರ: ೧೬೦೯ರಲ್ಲಿ ಗೆಲಿಲಿಯೋ ಆಕಾಶದ ಕಡೆಗೆ ತಿರುಗಿಸಿದ ದೂರದರ್ಶಕದ ರಚನೆಯೇ ಇದು. ಗ್ರಹ ತಾರೆಗಳಿಗೆ ಬದಲಾಗಿ ೪೦ ಸೆಂ.ಮೀ. ದೂರದ ಹಲ್ಲಿಗೆ ಇದನ್ನು ಹೊಂದಿಸಿರುತ್ತಾರೆ. ವರ್ಧನ ೨.೫ರಷ್ಟು, ಕೈ ಆಡಲು ಧಾರಾಳ ಸ್ಥಳ, ಬೆನ್ನು ಬಾಗಬೇಕಾಗಿಲ್ಲ. ಇದು ನಿಜವಾಗಿಯೂ ದೊಡ್ಡದು ಮಾಡುವ ಕನ್ನಡಕ.

ಆದರೆ ಇದರ ಬೆಲೆ ಹಣೆಪಟ್ಟಿಯ ಕನ್ನಡಿಯ ಎಷ್ಟೋ ಪಟ್ಟು. ಮೂಗಿನ ಮೇಲೆ ಭಾರ. ಕಾಣುವ ಕ್ಷೇತ್ರ ಅಂಗೈಯಗಲಕ್ಕೆ ಸೀಮಿತ. ಧರಿಸುವವರ ಕಣ್ಣುಗಳ ಅಂತರಕ್ಕೂ, ಕೆಲಸದ ದೂರಕ್ಕೂ ಸರಿಯಾಗಿ ಅಳತೆ ಕೊಟ್ಟು ಮಾಡಿಸಬೇಕು. ದಿನಕ್ಕೆ ಎಂಟು ಗಂಟೆ ಸೂಕ್ಷ್ಮವಾದ ಕೆಲಸವೇ ಜೀವನೋಪಾಯವಾದವರಿಗೆ ಇದು ತಕ್ಕುದು. ಹಬ್ಬಕ್ಕೆ ಬುಟ್ಟಿ ಬರೆಯುವವರಿಗೆ ಅನವಶ್ಯಕ.

ಬೆಳಕೇ ಅರ್ಧ ಕನ್ನಡಕ

ಮಲೆನಾಡಿನ ಮನೆಗಳಲ್ಲಿ, ಅದರಲ್ಲಿಯೂ ಮಳೆಗಾಲದಲ್ಲಿ, ನಡುಹಗಲಿನಲ್ಲಿಯೂ ಒಳಗೆ ಮಬ್ಬು. ೬೦ ವರ್ಷದವರ ಅಕ್ಷಿಪಟಕ್ಕೆ ಬೀಳುವ ಬೆಳಕು ೨೦ ವರ್ಷದವರಿಗೆ ಬೀಳುವುದರ ಸುಮಾರು ಮೂರನೆಯ ಒಂದು ಪಾಲು ಮಾತ್ರ. ಪಾಪೆ ಕಿರಿದಾಗುವುದೂ, ಮಸೂರ ಹಳದಿಗಟ್ಟುವುದೂ ಇದಕ್ಕೆ ಕಾರಣ. ಆದುದರಿಂದ ಹಿರಿಯರಿಗೆ ಬೆಳಕು ಮೂರು ಪಟ್ಟು ಬೇಕು. ಇದು ಕಷ್ಟವಲ್ಲ. ದೀಪದಿಂದ ಬೀಳುವ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆಂಬ ನಿಯಮವನ್ನು ನೆನೆಯಿರಿ. ೬೦ ಸೆಂ.ಮೀ. ದೂರದಲ್ಲಿದ್ದ ಸಣ್ಣ ಎಲ್‌ಇಡಿ ದೀಪವನ್ನು ೩೦ ಸೆಂ.ಮೀ.ಗೆ ತಂದರೆ ಬೆಳಕು ನಾಲ್ಕರಷ್ಟಾಗುತ್ತದೆ. ಜತೆಗೆ, ಬೆಳಕು ಹೆಚ್ಚಿದಾಗ ಪಾಪೆ ಕಿರಿದಾಗಿ, ಸ್ಫುಟವಾಗಿ ಕಾಣುವ ಆಳವೂ ಹೆಚ್ಚುತ್ತದೆ. ಬಲಗೈಯಲ್ಲಿ ಬರೆಯುವವರು ದೀಪವನ್ನು ಎಡಗಡೆಗೆ ಇಡಬೇಕು, ಕೈಯ ನೆರಳು ಗೆರೆಯ ಮೇಲೆ ಬೀಳದಂತೆ. ಕೆತ್ತುವವರಿಗೆ ಓರೆಯಾಗಿ ಬೀಳುವ ಬೆಳಕು ಆಳವನ್ನು ಎತ್ತಿ ತೋರಿಸುತ್ತದೆ. ದೀಪವನ್ನು ಸರಿಪಡಿಸಿದ ಮೇಲೆ ಕನ್ನಡಿಯೇ ಬೇಡವೆನಿಸಿದರೂ ಆಶ್ಚರ್ಯವಿಲ್ಲ.

ಇನ್ನೆರಡು ಎಚ್ಚರಿಕೆಯ ಮಾತು. ಭೂತಗನ್ನಡಿಯನ್ನು ಬಿಸಿಲು ಬೀಳುವ ಜಗಲಿಯಲ್ಲಿ ತೆರೆದಿಡಬಾರದು; ಸೂರ್ಯನ ಬಿಂಬ ಸಂಗಮದಲ್ಲಿ ಬಿದ್ದು ಕಾಗದ, ಒಣಹುಲ್ಲುಗಳು ಹೊತ್ತಿಕೊಂಡಾವು. ಅದರ ಮೂಲಕ ಸೂರ್ಯನನ್ನಂತೂ ಎಂದಿಗೂ ನೋಡಕೂಡದು. ಅದನ್ನು ಧರಿಸಿ ಎದ್ದು ನಡೆಯುವುದೂ ಬೇಡ. ಬೇಲಿಯಾಚೆಯ ಮೆಟ್ಟಿಲು ಕಣ್ಣಿಗೆ ಕಾಣದು. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ದೂರದ ಮರದ ತುದಿಯನ್ನು ನೋಡುತ್ತ, ನಾಲ್ಕು ಸಲ ರೆಪ್ಪೆ ಬಡಿದರೆ ಕಣ್ಣಿಗೆ ವಿಶ್ರಾಂತಿ.

ಒಂದು ಜತೆ ಮಸೂರದ ಮೌಲ್ಯ

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಲೆಕ್ಕವೇಕೆ ಎಂದು ಯಾರಾದರೂ ಕೇಳಬಹುದು. ಅಸ್ಸಾಮಿನ ಚಹಾ ತೋಟಗಳಲ್ಲಿ, ೪೦ ವರ್ಷ ದಾಟಿದ ಸುಮಾರು ೭೫೦ ಮಂದಿ ಕೆಲಸಗಾರರ ಮೇಲೆ ನಡೆದ ಒಂದು ಪರೀಕ್ಷೆಯ ಫಲಿತಾಂಶ ೨೦೧೮ರಲ್ಲಿ ಪ್ರಕಟವಾಯಿತು. ಅವರಲ್ಲಿ ಅರ್ಧ ಮಂದಿಗೆ ಹತ್ತಿರದ ದೃಷ್ಟಿಗೆ ಕನ್ನಡಕವನ್ನು ಕೊಟ್ಟರು, ಉಳಿದವರಿಗೆ ಆ ಅವಧಿಯಲ್ಲಿ ಕೊಡಲಿಲ್ಲ. ಕನ್ನಡಕ ದೊರೆತವರು ಕಿತ್ತ ಎಲೆಯ ತೂಕ ಇತರರದಕ್ಕಿಂತ ಶೇಕಡ ೨೧ಕ್ಕೂ ಹೆಚ್ಚಾಗಿ ಏರಿತು. ಎಲೆ ಕೀಳುವುದಕ್ಕೇ ಇಷ್ಟು ಫಲವಾದರೆ, ಕೂದಲೆಳೆಯ ಲೆಕ್ಕದಲ್ಲಿ ನಡೆಯುವ ಕಲೆಗಳ ಮಾತೇನು? ನಮ್ಮ ಹಳ್ಳಿಗಳಲ್ಲಿ ಎಷ್ಟು ಕೈಗಳು ‘ಇನ್ನು ನನಗೆ ಕಾಣುವುದಿಲ್ಲ’ ಎಂದು ಕೆಲಸವನ್ನು ಕೈಬಿಟ್ಟಿವೆಯೋ! ಆ ಕೈಗಳೊಂದಿಗೆ ಕಲಿಸುವ ಪರಂಪರೆಯೂ ನಿಂತುಹೋಗುತ್ತದೆ.

ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯಲ್ಲಿಯೂ ಹೊಲಿಯುವ, ಹೆಣೆಯುವ, ಬರೆಯುವ, ಕೆತ್ತುವ ಹಿರಿಯರು ಇದ್ದಾರು. ಅವರು ಕೆಲಸಕ್ಕೆ ಕುಳಿತಾಗ ಕಣ್ಣಿನಿಂದ ಕೈಗೆ ಎಷ್ಟು ದೂರವೆಂಬುದನ್ನು ಅಳೆಯಿರಿ. ಅವರ ಬಳಿ ಇರುವ ಕನ್ನಡಿಯ ಸಂಗಮ ದೂರವನ್ನು ಕಿಟಕಿಯ ಎದುರು ಹಿಡಿದು ಕಂಡುಹಿಡಿಯಿರಿ. ಕೈ ಬೇಲಿಯೊಳಗಿದೆಯೇ, ಆಚೆಗಿದೆಯೇ ಎಂದು ನೋಡಿರಿ. ಬೇಲಿಯಾಚೆಗಿದ್ದರೆ ಆ ಕನ್ನಡಿ ಎಷ್ಟು ದೊಡ್ಡ ಸಂಖ್ಯೆಯದಾದರೂ ನಿಷ್ಪ್ರಯೋಜಕ. ಆ ಅಳತೆಯನ್ನು ಚೀಟಿಯಲ್ಲಿ ಬರೆದು ಕಣ್ಣಿನ ವೈದ್ಯರ ಕೈಗೆ ಕೊಡಿರಿ. ಪರೀಕ್ಷೆಯ ಅಂಕಗಳಿಗಾಗಿ ಕಲಿತ ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗವನ್ನು ನಾನು ಅರಿಯೆ.

ಆ ವರ್ಷ ಭೂಮಿ ಹುಣ್ಣಿಮೆಗೆ ಹೊಸನಗರದ ಆ ಮನೆಯಲ್ಲಿ ಬುಟ್ಟಿಗೆ ಚಿತ್ತಾರ ಬಿದ್ದಿತು. ಹಬ್ಬ ಮುಗಿಸಿ ಬಂದ ಹುಡುಗಿ ಸುದ್ದಿ ಹೇಳಿದಳು: ಬುಟ್ಟಿಯ ಒಂದು ಮಗ್ಗುಲನ್ನು ದೊಡ್ಡಮ್ಮ ಬರೆದರಂತೆ, ಇನ್ನೊಂದು ಮಗ್ಗುಲನ್ನು ಅವರು ಹೇಳಿಕೊಟ್ಟಂತೆ ತಾನೇ ಬರೆದಳಂತೆ. ತನ್ನ ಎಳೆ ಅಲ್ಲಲ್ಲಿ ಸೊಟ್ಟಗಾಗಿದ್ದನ್ನು ದೊಡ್ಡಮ್ಮ ಹೊಸ ಕನ್ನಡಕದಿಂದ ನೋಡಿ ಕೂಡಲೇ ಪತ್ತೆ ಹಚ್ಚಿಬಿಟ್ಟರೆಂದು ದೂರಿದಳು.